ಮೆಣಸಿನ ಏಣಿ, ಮೇಲಿನ ತಂತಿ: ಕೆಲಸ ಕೊಡುವವರ ಹೊಣೆ

ತೋಟದ ಮೇಲೆ ಹಾದುಹೋಗುವ 11 ಕೆ.ವಿ. ತಂತಿ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು? ರಸ್ತೆಯಲ್ಲದ ಜಾಗದಲ್ಲಿ, ಹೊದಿಕೆಯಿಲ್ಲದ ತಂತಿಗೆ ನಿಯಮ ಹೇಳುವ ಕನಿಷ್ಠ ಎತ್ತರ 4.6 ಮೀಟರ್, ಅಂದರೆ ಹೆಚ್ಚುಕಡಿಮೆ ಹದಿನೈದು ಅಡಿ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದ ಬಂದ ಅಳತೆ ಇದು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸು ಕೊಯ್ಯಲು ಬೇಲೂರು ತಾಲ್ಲೂಕಿನ ತೋಟಗಳಲ್ಲಿ ಬಳಸುವ ಅಲ್ಯೂಮಿನಿಯಂ ಏಣಿಯ ಉದ್ದ ಇಪ್ಪತ್ತರಿಂದ ಮೂವತ್ತು ಅಡಿ. ತಂತಿ ಜೋತುಬಿದ್ದಿಲ್ಲ, ಕಂಬ ವಾಲಿಲ್ಲ, ಎಲ್ಲವೂ ನಿಯಮದಂತೆಯೇ ಇದೆ. ಆದರೂ ಏಣಿ ತಂತಿಯನ್ನು ಮುಟ್ಟುತ್ತದೆ.

ಮೆಣಸು ಕೊಯ್ಲಿನ ದಿನಗಳಲ್ಲಿ, ಮರಗಸಿಯ ದಿನಗಳಲ್ಲಿ ಹಾಸನ, ಚಿಕ್ಕಮಗಳೂರು, ಕೊಡಗಿನ ಪುಟಗಳಲ್ಲಿ ಇಂಥ ಸಾವಿನ ಸುದ್ದಿ ಬರುತ್ತಲೇ ಇರುತ್ತದೆ. ಸುದ್ದಿಯ ಹಿಂದೆಯೇ ಎರಡು ಮಾತು ಕೇಳಿಬರುತ್ತವೆ. ಒಂದು, ಅವನ ಗ್ರಹಚಾರ. ಇನ್ನೊಂದು, ಕೆಇಬಿಯವರು ಲೈನ್ ತೆಗೆಯಲಿಲ್ಲ. ಎರಡೂ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆಳನ್ನು ಕರೆದು, ಏಣಿ ಕೊಟ್ಟು, ಇಂಥ ಮರ ಹತ್ತು ಎಂದು ಹೇಳಿದವರಿಗೆ ಆ ಮರದ ಪಕ್ಕದ ತಂತಿಯನ್ನು ನೋಡಿಕೊಳ್ಳುವ ಹೊಣೆಯೂ ಇದೆ. ಬೇಲೂರಿನ ತೋಟದ ಮಾಲೀಕರು, ರೈಟರುಗಳು, ಹೋಟೆಲಿನವರು, ಶಿಲ್ಪದ ಕಾರ್ಖಾನೆ ನಡೆಸುವವರು ಈ ಹೊಣೆಯನ್ನು ಸರಿಯಾಗಿ ತಿಳಿದುಕೊಂಡರೆ ಎಷ್ಟೋ ಜೀವ ಉಳಿಯುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಯಾವ ಕಾನೂನು, ಯಾರಿಗೆ

ಮೊದಲನೆಯದು 2003ರ ವಿದ್ಯುತ್ ಕಾಯ್ದೆ. ಅದರ 53ನೇ ಕಲಮಿನ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸುರಕ್ಷತಾ ನಿಯಮಾವಳಿ ಹೊರಡಿಸುತ್ತದೆ. 2010ರ ನಿಯಮಾವಳಿಯ ಜಾಗಕ್ಕೆ 2023ರಲ್ಲಿ ಹೊಸದು ಬಂದಿದೆ. ಇದಕ್ಕೆ ಆಳುಗಳ ಲೆಕ್ಕವಿಲ್ಲ. ಒಬ್ಬನೇ ಹುಡುಗ ಕೆಲಸಕ್ಕಿರುವ ಕಬ್ಬಿನಹಾಲಿನ ಅಂಗಡಿಗೂ, ನೂರು ಜನ ದುಡಿಯುವ ಎಸ್ಟೇಟಿಗೂ ಇದು ಅನ್ವಯಿಸುತ್ತದೆ. ಮೀಟರಿನವರೆಗಿನ ಲೈನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು, ನಮ್ಮ ಬಾಯಲ್ಲಿ ಇಂದಿಗೂ ಕೆಇಬಿಯದ್ದು. ಮೀಟರಿನಿಂದ ಈಚೆಗಿನ ವೈರು, ಸ್ಟಾರ್ಟರು, ಮೋಟಾರು, ಅರ್ತಿಂಗು ಎಲ್ಲವೂ ಗ್ರಾಹಕರ ಹೊಣೆ.

ಎರಡನೆಯದು ಕಾರ್ಮಿಕ ಕಾನೂನು. ತೋಟಗಳಿಗೆ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, ಕಾರ್ಖಾನೆಗಳಿಗೆ 1948ರ ಫ್ಯಾಕ್ಟರಿ ಕಾಯ್ದೆ ಎಂದು ಬೇರೆಬೇರೆಯಾಗಿದ್ದದ್ದು ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ, 2020ರೊಳಗೆ ಸೇರಿದೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಇದರ 6ನೇ ಕಲಮಿನಂತೆ, ಗಾಯಕ್ಕೆ ಕಾರಣವಾಗಬಹುದಾದ ಅಪಾಯಗಳಿಂದ ಕೆಲಸದ ಜಾಗವನ್ನು ಮುಕ್ತವಾಗಿಡುವುದು ಮಾಲೀಕರ ಕರ್ತವ್ಯ. ಸುರಕ್ಷತೆಗಾಗಿ ಕೊಟ್ಟ ಯಾವ ವಸ್ತುವಿನ ಖರ್ಚನ್ನೂ ಕೂಲಿಯಲ್ಲಿ ಹಿಡಿಯುವಂತಿಲ್ಲ. ಕರ್ತವ್ಯ ತಪ್ಪಿದ್ದರಿಂದ ಸಾವಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಸತ್ತವರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇದರ ಹೊರತಾಗಿ ನಿರ್ಲಕ್ಷ್ಯದಿಂದ ಸಾವು ಎಂದು ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಕೇಸು ದಾಖಲಿಸಬಹುದು. ಅಲ್ಲಿ ಶಿಕ್ಷೆ ಐದು ವರ್ಷದವರೆಗೆ.

ಕೆಲಸಗಾರರಿಗೂ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಹಕ್ಕು ಕೊಟ್ಟಿದೆ. ಸುರಕ್ಷತೆಯ ವಿಷಯದಲ್ಲಿ ಮಾಲೀಕರಿಂದ ಮಾಹಿತಿ ಕೇಳಬಹುದು. ಪ್ರಾಣಾಪಾಯವಿದೆ ಎಂದು ಅನ್ನಿಸಿದರೆ ಮಾಲೀಕರ ಗಮನಕ್ಕೂ ಅಧಿಕಾರಿಯ ಗಮನಕ್ಕೂ ತರಬಹುದು, ಮಾಲೀಕರು ತಕ್ಷಣ ಸರಿಪಡಿಸಬೇಕು. "ಅಣ್ಣಾ, ಈ ಮರ ಬೇಡ, ಮೇಲೆ ಲೈನ್ ಐತೆ" ಎಂದವನನ್ನು ಸೋಮಾರಿ ಎಂದು ಬೈದು ಹತ್ತಿಸಿದ್ದಕ್ಕೆ ಸಾಕ್ಷಿ ಸಿಕ್ಕರೆ ಕೇಸು ಬಹಳ ಗಟ್ಟಿಯಾಗುತ್ತದೆ.

ಏಣಿ

ಮೆಣಸಿನ ಕೆಲಸಕ್ಕೆ ಮುಂಚೆ ಮಾಡಬೇಕಾದದ್ದು ತೋಟ ಸುತ್ತುವ ಕೆಲಸ. ರೈಟರು, ಮೇಸ್ತ್ರಿ ಇಬ್ಬರೂ ಲೈನು ಹಾದುಹೋದ ದಾರಿಯುದ್ದಕ್ಕೂ ನಡೆಯಬೇಕು. ಏಣಿ ನಿಲ್ಲಿಸಿದಾಗ, ಅಥವಾ ಏಣಿ ಜಾರಿ ಬಿದ್ದರೆ, ತಂತಿಗೆ ತಗುಲಬಹುದಾದ ಪ್ರತಿ ಮರಕ್ಕೂ ಕೆಂಪು ಬಣ್ಣದ ಪಟ್ಟೆ ಹಾಕಬೇಕು. ಜಾರಿ ಬೀಳುವ ಲೆಕ್ಕ ಮುಖ್ಯ: ಮೂವತ್ತಡಿ ಏಣಿ ಒರಗಿದ ಮರದಿಂದ ಪಕ್ಕಕ್ಕೆ ಮಗುಚಿದರೆ ಅದರ ತುದಿ ಬಹಳ ದೂರ ಹೋಗುತ್ತದೆ. ಆದ್ದರಿಂದ ಲೈನಿನ ಎರಡೂ ಪಕ್ಕಕ್ಕೆ ಏಣಿಯ ಉದ್ದಕ್ಕಿಂತ ಹೆಚ್ಚು ಅಂತರದವರೆಗೆ ಗುರುತು ಹಾಕುವುದೇ ಸರಿ. ಪಟ್ಟೆಯಿರುವ ಮರಗಳನ್ನು ಮಾಮೂಲಿ ದಿನ ಯಾರೂ ಮುಟ್ಟಕೂಡದು. ಅವುಗಳಿಗೆ ಬೇರೆ ದಿನ ಇಟ್ಟುಕೊಂಡು, ಸೆಕ್ಷನ್ ಆಫೀಸಿಗೆ ಮೊದಲೇ ಅರ್ಜಿ ಕೊಟ್ಟು, ಎಲ್‌ಸಿ ಅಂದರೆ ಲೈನ್ ಕ್ಲಿಯರ್ ತೆಗೆದುಕೊಂಡು, ಲೈನ್‌ಮನ್ ಬಂದು ಲೈನು ಆಫ್ ಮಾಡಿ ಅರ್ತ್ ಮಾಡಿದ ಮೇಲೆ ಕೊಯ್ಯಬೇಕು. ಫೋನಿನಲ್ಲಿ "ಈಗ ಕರೆಂಟ್ ಹೋಗಿದೆ, ಬೇಗ ಮುಗಿಸಿ" ಎಂದ ಮಾತಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಕರೆಂಟ್ ಹೋಗಿರುವುದು ಬೇರೆ, ಲೈನ್ ಆಫ್ ಮಾಡಿ ಅರ್ತ್ ಮಾಡಿರುವುದು ಬೇರೆ. ಫೀಡರ್ ಟ್ರಿಪ್ ಆದರೆ ಸಬ್‌ಸ್ಟೇಷನ್ನಿನಲ್ಲಿ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ, ಆ ಕ್ಷಣ ಮರದ ಮೇಲಿರುವವನಿಗೆ ಅದು ತಿಳಿಯುವುದಿಲ್ಲ.

ಬಿದಿರಿನ ಏಣಿಗೆ ಮರಳಿದರೆ ಸಾಕಲ್ಲ ಎನ್ನುವವರಿದ್ದಾರೆ. ಒಣಗಿದ ಬಿದಿರು ಅಲ್ಯೂಮಿನಿಯಂಗಿಂತ ಮೇಲು, ನಿಜ. ಫೈಬರ್ ಏಣಿ ಇನ್ನೂ ಮೇಲು. ಆದರೆ ಬೆಳಗಿನ ಇಬ್ಬನಿಯಲ್ಲಿ ನೆನೆದ ಬಿದಿರಾಗಲಿ, ಮಣ್ಣು ಮೆತ್ತಿದ ಒದ್ದೆ ಫೈಬರ್ ಆಗಲಿ, ಹನ್ನೊಂದು ಸಾವಿರ ವೋಲ್ಟಿನ ಮುಂದೆ ನಂಬಿಕೆಗೆ ಅರ್ಹವಲ್ಲ. ಮರವೇ ತಂತಿಗೆ ತಾಗಿದ್ದರೆ ಏಣಿ ಯಾವುದಾದರೇನು? ಈ ವೋಲ್ಟೇಜಿನಲ್ಲಿ ಉಳಿಸುವುದು ದೂರ ಮಾತ್ರ.

ಏಣಿಯನ್ನು ನೆಟ್ಟಗೆ ಎತ್ತಿಹಿಡಿದು ಮರದಿಂದ ಮರಕ್ಕೆ ನಡೆಯುವ ಅಭ್ಯಾಸವೇ ಅನೇಕ ಸಲ ಸಾವಿಗೆ ಕಾರಣ. ಹತ್ತುವಾಗ ಮರ ನೋಡುತ್ತಾರೆ, ಸಾಗಿಸುವಾಗ ಕಾಲಕೆಳಗಿನ ಗಿಡ ನೋಡುತ್ತಾರೆ, ಮೇಲೆ ಯಾರೂ ನೋಡುವುದಿಲ್ಲ. ಏಣಿಯನ್ನು ಮಲಗಿಸಿಯೇ ಒಯ್ಯಬೇಕು, ಇಬ್ಬರು ಹಿಡಿಯಬೇಕು. ಕಾಫಿ ಗಿಡಗಳ ನಡುವೆ ಇದು ತ್ರಾಸದ ಕೆಲಸ, ದಿನಕ್ಕೆ ಎರಡು ಮರ ಕಡಿಮೆಯಾಗುತ್ತದೆ, ಆಗಲಿ. ಹೂಮಳೆ ಬಾರದ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪೈಪು ಜೋಡಿಸುವಾಗಲೂ ಇದೇ ಮಾತು. ಪೈಪಿನೊಳಗಿನ ಕಸ ಕೊಡವಲು ನೆಟ್ಟಗೆ ಎತ್ತುವ ಆ ಒಂದು ಗಳಿಗೆ ಸಾಕು. ಅರಸೀಕೆರೆ ಕಡೆ ತೆಂಗಿನ ತೋಟಗಳಲ್ಲಿ ಅಲ್ಯೂಮಿನಿಯಂ ದೋಟಿ ಹಿಡಿಯುವವರಿಗೂ ಇದು ಅನ್ವಯ.

ಗುತ್ತಿಗೆಗೆ ಕೊಟ್ಟಿದ್ದೇನೆ, ಕೆ.ಜಿ.ಗೆ ಇಷ್ಟು ಎಂದು ಮಾತಾಗಿದೆ, ಆಳುಗಳು ಗುತ್ತಿಗೆದಾರನವರು ಎಂಬ ಸಮಾಧಾನ ಬಹಳ ಮಾಲೀಕರಿಗಿದೆ. ಅದು ಸುಳ್ಳು ಸಮಾಧಾನ. ತನ್ನ ಕಸುಬಿನ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಾಗ ಪರಿಹಾರವನ್ನು ಮೊದಲು ಪ್ರಧಾನ ಮಾಲೀಕನಿಂದಲೇ ಕೇಳುವ ಅವಕಾಶ 1923ರ ಪರಿಹಾರ ಕಾಯ್ದೆಯಲ್ಲೇ ಇತ್ತು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಕೊಟ್ಟ ಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಮಾಲೀಕನ ಪಾಡು.

ಲೈನನ್ನೇ ಸರಿಸಿ ಎಂದು ಕೇಳುವ ಹಕ್ಕು ತೋಟದವರಿಗೆ ಇಲ್ಲವೇ? ಅರ್ಜಿ ಕೊಡಬಹುದು, ಸಾಮಾನ್ಯವಾಗಿ ಖರ್ಚು ಕೇಳಿದವರ ಮೇಲೆಯೇ ಬೀಳುತ್ತದೆ. ಆದರೆ ತಂತಿ ಜೋತುಬಿದ್ದಿದ್ದರೆ, ಕಂಬ ಕೊಳೆತಿದ್ದರೆ ಅದು ನಿಗಮದ ಕೆಲಸ. ಬಾಯಲ್ಲಿ ಹೇಳಿ ಬಿಡಬೇಡಿ, 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಸೆಕ್ಷನ್ ಆಫೀಸಿಗೆ ಪತ್ರ ಕೊಟ್ಟು ನಕಲಿಗೆ ಸೀಲು ಹಾಕಿಸಿಕೊಳ್ಳಿ. ಸರಬರಾಜು ಮಾಡುವವರ ಹೊಣೆ ಎಷ್ಟು ಕಟ್ಟುನಿಟ್ಟಿನದು ಎಂಬುದನ್ನು 2002ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶ ವಿದ್ಯುತ್ ಮಂಡಳಿ ಮತ್ತು ಶೈಲ್ ಕುಮಾರಿ ಪ್ರಕರಣದಲ್ಲಿ ಹೇಳಿತು. ರಸ್ತೆಯಲ್ಲಿ ಬಿದ್ದಿದ್ದ ತಂತಿಗೆ ಸೈಕಲ್ ಸವಾರ ಬಲಿಯಾಗಿದ್ದ. ಯಾರೋ ಕದ್ದು ಎಳೆದುಕೊಂಡ ತಂತಿ ಅದು ಎಂಬ ಮಂಡಳಿಯ ವಾದ ನಡೆಯಲಿಲ್ಲ. ಇನ್ನು ಲೈನಿಗೆ ತಾಗುವ ಮರ ಕಡಿಯಲು ಬಂದವರೊಡನೆ ಜಗಳವಾಡುವ ಮುನ್ನ ವಿದ್ಯುತ್ ಕಾಯ್ದೆಯ 68ನೇ ಕಲಂ ನೆನಪಿರಲಿ: ಲೈನಿಗಿಂತ ಮೊದಲೇ ಇದ್ದ ಮರವಾದರೆ ಪರಿಹಾರ ಕೇಳಬಹುದು.

ಪಲ್ಪಿಂಗ್ ಮನೆ, ಒದ್ದೆ ನೆಲ

ತೋಟದಲ್ಲಿ ಎರಡನೆಯ ಅಪಾಯದ ಜಾಗ ಕಾಫಿ ಪಲ್ಪರ್ ಕೂತ ಮನೆ. ಮೂರು ಫೇಸಿನ ಮೋಟಾರು, ಸುತ್ತ ನೀರು, ಬರಿಗಾಲು ಅಥವಾ ತೂತುಬಿದ್ದ ಗಂಬೂಟು. ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ತಿರುಗುವ ಯಂತ್ರವಾದ್ದರಿಂದ ಉಳಿದ ದಿನ ಇಲಿ ವೈರು ಕಡಿದಿರುತ್ತದೆ, ಮಳೆಗಾಲದ ತೇವ ಸ್ಟಾರ್ಟರ್ ಒಳಗೆ ಹೊಕ್ಕಿರುತ್ತದೆ. ಅರೇಬಿಕಾ ಹಣ್ಣಾಗುವ ಮೊದಲು, ಅಕ್ಟೋಬರಿನಲ್ಲೇ, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನು ಕರೆಸಿ ಮೆಗ್ಗರ್ ಹಾಕಿಸಿ ಇನ್ಸುಲೇಷನ್ ನೋಡಬೇಕು.

ಇಲ್ಲಿ ನಿಯಮ ಸ್ಪಷ್ಟ. 250 ವೋಲ್ಟಿಗೆ ಮೇಲ್ಪಟ್ಟು ಓಡುವ ಮೋಟಾರಿನ, ಅಂದರೆ ನಮ್ಮ ಎಲ್ಲ ತ್ರೀಫೇಸ್ ಮೋಟಾರಿನ ಕಬ್ಬಿಣದ ಮೈಗೆ ಎರಡು ಬೇರೆಬೇರೆ ಅರ್ತ್ ಸಂಪರ್ಕ ಇರಲೇಬೇಕು. ಒಂದು ಕಿತ್ತುಹೋದರೆ ಇನ್ನೊಂದು ಕಾಯಲಿ ಎಂದೇ ಈ ಏರ್ಪಾಡು. ಬೇಸಿಗೆಯ ಒಣ ದಿನ ಅರ್ತಿನ ರೋಧ ಅಳೆಸಿ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದಲ್ಲಿ ಅಳೆದರೆ ನೆಲ ಒದ್ದೆಯಿದ್ದು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಎಂಸಿಬಿ ಹಾಕಿಸಿದ್ದೇನೆ, ಭಯವಿಲ್ಲ ಎಂಬ ಮಾತನ್ನು ಬಹಳ ಕಡೆ ಕೇಳುತ್ತೇವೆ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಅಷ್ಟು ಹರಿದರೂ ಸುಮ್ಮನಿರುತ್ತದೆ. ಮನುಷ್ಯನಿಗೆ 10 ಮಿಲಿಆಂಪಿಯರ್ ಆಸುಪಾಸಿನಲ್ಲೇ ಹಿಡಿದ ಕೈ ಬಿಡಲಾಗದಂತೆ ಸ್ನಾಯು ಬಿಗಿಯುತ್ತದೆ, ಅದರ ಕೆಲವು ಪಟ್ಟು ಹೃದಯದ ಲಯವನ್ನೇ ಕೆಡಿಸುತ್ತದೆ. ಒಂದು ಆಂಪಿಯರಿನಲ್ಲಿ ಸಾವಿರ ಮಿಲಿಆಂಪಿಯರ್ ಎಂಬುದನ್ನು ನೆನೆದರೆ ಅಂತರ ಅರ್ಥವಾದೀತು. ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ತೂಗಿ ನೋಡಿ, 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಕಡಿಯುವುದು ಆರ್‌ಸಿಸಿಬಿ. ಸುರಕ್ಷತಾ ನಿಯಮಾವಳಿಯು ಸಣ್ಣ ಮನೆಬಳಕೆಯನ್ನು ಬಿಟ್ಟು ಉಳಿದೆಡೆ ಇಂಥ ಸೋರಿಕೆ ರಕ್ಷಕವನ್ನು ಕಡ್ಡಾಯ ಮಾಡಿದೆ. ಅದರ ಮೇಲೆ ಟಿ ಎಂದು ಬರೆದ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಬೀಳದಿದ್ದರೆ ಬದಲಿಸಬೇಕು. ಪದೇಪದೇ ಬೀಳುತ್ತದೆ ಎಂದು ಬೈಪಾಸ್ ಮಾಡಿಸುವವರಿದ್ದಾರೆ. ಅದು ಬೀಳುತ್ತಿರುವುದು ಎಲ್ಲೋ ಸೋರಿಕೆ ಇರುವುದರಿಂದ. ಸೋರಿಕೆ ಹುಡುಕಿಸಿ.

ಮೋಟಾರು ಸುಟ್ಟರೆ ಪಕ್ಕದ ಊರಿನ ಕೈಕುದುರಿದ ಹುಡುಗನನ್ನು ಕರೆಯುವುದು ನಮ್ಮಲ್ಲಿ ರೂಢಿ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ಹೊಸ ವೈರಿಂಗ್, ವಿಸ್ತರಣೆ, ಬದಲಾವಣೆಯನ್ನು ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ, ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಉಸ್ತುವಾರಿಯಲ್ಲಿ ಮಾಡಬೇಕು. ರಾಜ್ಯದಲ್ಲಿ ಈ ಲೈಸೆನ್ಸ್, ವೈರ್‌ಮನ್ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಪರ್ಮಿಟ್ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ, ರಸೀದಿಯಲ್ಲಿ ಅದರ ಸಂಖ್ಯೆ ಬರೆಸಿಕೊಳ್ಳಿ. ಐದು ವರ್ಷ ಮೀರದಂತೆ ಇಡೀ ವ್ಯವಸ್ಥೆಯ ತಪಾಸಣೆಯಾಗಬೇಕು. ಎಷ್ಟು ವೋಲ್ಟಿನವರೆಗೆ ಮಾಲೀಕರೇ ಪ್ರಮಾಣಪತ್ರ ಕೊಟ್ಟುಕೊಳ್ಳಬಹುದು, ಎಲ್ಲಿಂದ ಪರಿವೀಕ್ಷಕರೇ ಬರಬೇಕು ಎಂಬುದನ್ನು ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಮಾಡುತ್ತದೆ. ಸ್ವಂತ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಇಟ್ಟುಕೊಂಡ ಎಸ್ಟೇಟಿನವರು ಇದನ್ನು ವಿಚಾರಿಸಿಕೊಳ್ಳಲೇಬೇಕು.

ಕಾರ್ಖಾನೆಯೆಂದು ನೋಂದಣಿಯಾದ ಕಡೆ, ಉದಾಹರಣೆಗೆ ದೊಡ್ಡ ಕ್ಯೂರಿಂಗ್ ವರ್ಕ್ಸ್, ಷಾಕ್ ಹೊಡೆದವರನ್ನು ಉಳಿಸುವ ವಿಧಾನದ ಫಲಕವನ್ನು ಜಿಲ್ಲೆಯ ಭಾಷೆಯಲ್ಲೂ ಹಾಕಿರಬೇಕು. ಹಾಸನ ಜಿಲ್ಲೆಯಲ್ಲಿ ಅದು ಕನ್ನಡ. ಆದರೆ ಇಂದು ಕೆಲಸಗಾರರ ಲೈನ್ ಮನೆಗಳಲ್ಲಿರುವ ಅನೇಕರು ಅಸ್ಸಾಮಿನಿಂದ ಬಂದವರು. ಕನ್ನಡ ಫಲಕ ನೇತುಹಾಕಿದರೆ ನಿಯಮ ಪಾಲನೆಯಾಗುತ್ತದೆ, ಅವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಅವರದೇ ಭಾಷೆಯಲ್ಲಿ, ಅವರಲ್ಲೇ ಒಬ್ಬನಿಂದ, ಕೆಂಪು ಪಟ್ಟೆಯ ಅರ್ಥವನ್ನೂ ಮೇನ್ ಸ್ವಿಚ್ಚಿನ ಜಾಗವನ್ನೂ ಹೇಳಿಸಿ.

ಜನರೇಟರಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಾಗ ಜನರೇಟರನ್ನು ನೇರ ಬೋರ್ಡಿಗೆ ಕೊಡುವವರಿದ್ದಾರೆ. ಚೇಂಜ್ ಓವರ್ ಸ್ವಿಚ್ ಇಲ್ಲದಿದ್ದರೆ ಆ ಕರೆಂಟು ಹಿಂದಕ್ಕೆ ಹರಿದು ಟಿ.ಸಿ.ಯಲ್ಲಿ ಹನ್ನೊಂದು ಸಾವಿರ ವೋಲ್ಟಾಗಿ ಏರುತ್ತದೆ. ನಮಗಾಗಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ಹೋಗುವುದು ಅದು.

ಆನೆ ಬೇಲಿ

ಬೇಲೂರು, ಆಲೂರು, ಸಕಲೇಶಪುರದ ತೋಟದವರ ಆನೆ ಸಂಕಟ ದೊಡ್ಡದು. ಆದರೂ ಮೇನ್ ಲೈನಿನಿಂದ ನೇರ ತಂತಿಬೇಲಿಗೆ ಕರೆಂಟು ಕೊಡುವುದಕ್ಕೆ ಯಾವ ಸಂಕಟವೂ ಸಮರ್ಥನೆಯಾಗದು. ಸೋಲಾರ್ ಬೇಲಿ ಕೆಲಸ ಮಾಡುವುದು ಎನರ್ಜೈಸರ್ ಬಿಡುವ ಕ್ಷಣಮಾತ್ರದ ಮಿಡಿತದಿಂದ. ಹೊಡೆತ ನೋಯಿಸುತ್ತದೆ, ಮಿಡಿತದ ನಡುವೆ ಬಿಡಿಸಿಕೊಳ್ಳಲು ಸಮಯವಿರುತ್ತದೆ. ಮೇನ್ ಲೈನು ಬಿಡುವುದೇ ಇಲ್ಲ. ಸ್ವಂತ ಜಾಗದ ರಕ್ಷಣೆಗೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1963ರಷ್ಟು ಹಿಂದೆಯೇ ಚೆರುಬಿನ್ ಗ್ರೆಗರಿ ಪ್ರಕರಣದಲ್ಲಿ ತಳ್ಳಿಹಾಕಿದೆ. ಅಕ್ಕಪಕ್ಕದವರು ಶೌಚಾಲಯಕ್ಕೆ ಬರದಿರಲೆಂದು ಒಬ್ಬಾತ ದಾರಿಗೆ ಕರೆಂಟಿನ ತಂತಿ ಕಟ್ಟಿದ್ದ, ಹೆಂಗಸೊಬ್ಬಳು ಸತ್ತಳು, ಆಕೆ ಅತಿಕ್ರಮಿಸಿ ಬಂದವಳೆಂಬ ವಾದ ಅವನನ್ನು ಉಳಿಸಲಿಲ್ಲ. ಬೆಳಗಿನ ಮಬ್ಬಿನಲ್ಲಿ ಕೆಲಸಕ್ಕೆ ಬರುವ ಹೆಣ್ಣಾಳುಗಳು ಬೇಲಿ ದಾಟಿಯೇ ಬರುತ್ತಾರೆ.

ಪೇಟೆಯಲ್ಲಿ

ಬೇಲೂರು, ಹಳೇಬೀಡಿನ ಶಿಲ್ಪಿಗಳ ಕೈಯಲ್ಲಿ ಈಗ ಉಳಿಯ ಜೊತೆಗೆ ಗ್ರೈಂಡರ್ ಕೂಡ ಇದೆ. ಬಳಪದ ಕಲ್ಲಿನ ದೂಳು ಮೋಟಾರಿನೊಳಗೆ ಸೇರುತ್ತದೆ, ದೂಳು ಕೂರಿಸಲು ಚಿಮುಕಿಸಿದ ನೀರು ವೈರಿನ ಮೇಲೆ ಬೀಳುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಮುಂಚೆ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ, ಐಎಸ್ಐ ಗುರುತಿನ ರಬ್ಬರ್ ವೈರು, ಮೂರು ಪಿನ್ನಿನ ಪ್ಲಗ್ಗು ಇಷ್ಟಿದ್ದರೆ ಅರ್ಧಕ್ಕಿಂತ ಹೆಚ್ಚು ಅಪಾಯ ಕಳೆಯಿತು. ಹೋಟೆಲಿನ ರುಬ್ಬುವ ಕಲ್ಲಿಗೂ ಇದೇ.

ಚೆನ್ನಕೇಶವನ ರಥೋತ್ಸವದಂಥ ಜಾತ್ರೆಯಲ್ಲಿ ಅಂಗಡಿ, ಶಾಮಿಯಾನ, ಸೀರಿಯಲ್ ದೀಪ ಹಾಕಿಸುವವರಿಗೆ ಹೆಚ್ಚಿನವರಿಗೆ ತಿಳಿಯದ ಕಲಂ ಒಂದಿದೆ. ನೂರು ಅಥವಾ ಹೆಚ್ಚು ಜನ ಸೇರುವ ಜಾಗದಲ್ಲಾಗಲಿ ಬೀದಿಯಲ್ಲಾಗಲಿ 250 ವ್ಯಾಟ್ ಮತ್ತು 100 ವೋಲ್ಟ್ ಮೀರಿ ಕರೆಂಟು ಬಳಸುವ ಮುನ್ನ, ಕನಿಷ್ಠ ಏಳು ದಿನ ಮೊದಲು, ವಿದ್ಯುತ್ ಪರಿವೀಕ್ಷಕರಿಗೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಲಿಖಿತ ಸೂಚನೆ ಕೊಡಬೇಕು ಎನ್ನುತ್ತದೆ ವಿದ್ಯುತ್ ಕಾಯ್ದೆಯ 54ನೇ ಕಲಂ. 250 ವ್ಯಾಟ್ ಎಂದರೆ ಎಷ್ಟು ಸಣ್ಣದೆಂದು ದೀಪಾಲಂಕಾರದವರಿಗೆ ಹೇಳಬೇಕಾಗಿಲ್ಲ.

ಆಗಬಾರದ್ದು ಆದರೆ

ಮೇನ್ ಆಫ್ ಮಾಡುವವರೆಗೆ ಯಾರೂ ಮುಟ್ಟಬೇಡಿ. ಮನೆಯ ಕರೆಂಟಾದರೆ ಒಣ ಮರದ ಕೋಲಿನಿಂದ ವೈರು ಸರಿಸಬಹುದು. 11 ಕೆ.ವಿ. ಲೈನಾದರೆ ಕೋಲನ್ನೂ ನಂಬಬೇಡಿ, ಹತ್ತು ಮೀಟರ್ ದೂರ ನಿಂತು ಸಬ್‌ಸ್ಟೇಷನ್ನಿಗೋ 1912ಕ್ಕೋ ಫೋನ್ ಮಾಡಿ ಲೈನು ಆಫ್ ಮಾಡಿಸಿ. ಏಣಿ ಹಿಡಿದವನನ್ನು ಬಿಡಿಸಲು ಹೋದ ಎರಡನೆಯವನೂ ಸಾಯುವುದು ಇಲ್ಲಿಯೇ. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಣ್ಣಿನಲ್ಲಿ ಹೂಳುವುದು, ಮೈ ತಿಕ್ಕುವುದು ಬೇಡ, ಹೋಗುವ ನಿಮಿಷಗಳೇ ಜೀವ. ಎದ್ದು ಕೂತು ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಹೃದಯದ ಬಡಿತವನ್ನು ಪರೀಕ್ಷಿಸಬೇಕು.

ಏಣಿಯನ್ನು ಅಲ್ಲಿಂದ ತೆಗೆದು ಬಚ್ಚಿಡಬೇಡಿ. ವಿದ್ಯುತ್ ಕಾಯ್ದೆಯ 161ನೇ ಕಲಮಿನಂತೆ ಅಪಘಾತವನ್ನು ತಿಳಿಸುವುದು ಕಡ್ಡಾಯ. ಸಾವಾದರೆ 24 ಗಂಟೆಯೊಳಗೆ ಪರಿವೀಕ್ಷಕರಿಗೆ ಸುದ್ದಿ ಮುಟ್ಟಬೇಕು, 48 ಗಂಟೆಯೊಳಗೆ ಲಿಖಿತ ವರದಿ ಹೋಗಬೇಕು. ಪೊಲೀಸರಿಗೆ, ಕಾರ್ಮಿಕ ಇಲಾಖೆಗೆ ಬೇರೆ.

ಇನ್ನು ಪರಿಹಾರ. ಊರ ಹಿರಿಯರನ್ನು ಕೂರಿಸಿ, ಸತ್ತವನ ಅಣ್ಣನ ಕೈಗೆ ಒಂದಿಷ್ಟು ದುಡ್ಡಿಟ್ಟು, ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಮುಗಿಸುವ ರಾಜಿ ನಮ್ಮ ಕಡೆ ಇನ್ನೂ ನಡೆಯುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಪರಿಹಾರ ಕೊಟ್ಟಂತೆಯೇ ಅಲ್ಲ. ಸಾವಿನ ಪರಿಹಾರವನ್ನು ಕಾನೂನು ಗೊತ್ತುಮಾಡಿದ ಅಧಿಕಾರಿಯಲ್ಲಿ ಠೇವಣಿ ಇಡಬೇಕು, ಅಲ್ಲಿಂದ ಅವಲಂಬಿತರಿಗೆ ಹಂಚಿಕೆಯಾಗುತ್ತದೆ. ಹೆಂಡತಿ, ಮಕ್ಕಳು ದೂರದ ಅಸ್ಸಾಮಿನಲ್ಲಿದ್ದರೂ ಅವರ ಪಾಲು ಅವರಿಗೇ ಮುಟ್ಟಲಿ ಎಂಬುದು ಇದರ ಉದ್ದೇಶ. ಲೆಕ್ಕ ಹೀಗೆ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಗುಣಾಂಕದಿಂದ ಗುಣಿಸಬೇಕು. 30 ವರ್ಷದವನಿಗೆ ಗುಣಾಂಕ 207.98. ತಿಂಗಳ ಕೂಲಿ 15,000 ರೂಪಾಯಿ ಎಂದು ಹಿಡಿದರೆ 15,59,850 ರೂಪಾಯಿ. ತಡಮಾಡಿದರೆ ಮೇಲೆ ಬಡ್ಡಿ. ಕೆಲಸಗಾರರ ಪರಿಹಾರಕ್ಕೆಂದೇ ವಿಮಾ ಕಂಪನಿಗಳ ಪಾಲಿಸಿ ಇದೆ. ಮೆಣಸು ಕೊಯ್ಲಿಗೆ ಆಳು ಗೊತ್ತುಮಾಡುವಾಗಲೇ, ಗುತ್ತಿಗೆಯ ತಂಡವನ್ನೂ ಹೆಸರು ಸಮೇತ ಸೇರಿಸಿ, ಅದನ್ನು ಮಾಡಿಸಿಡಿ. ಕೊಯ್ಲು ಶುರುವಾದ ಮೇಲೆ ಬಂದು ಸೇರಿಕೊಂಡವರ ಹೆಸರನ್ನು ಅದೇ ದಿನ ಬರೆಸಿ.